ಕೆಸರಿನೊಳಗಣ ಪಂಚಾಂಗ

ಹಳೆಯ ಪಂಚಾಂಗಗಳನ್ನು ಅಟ್ಟದ ಮೇಲೆ ಕೂಡಿಡುವ ಮನೆಗಳುಂಟು. ಆದರೆ ಸುಮಾರು 70,000 ವರ್ಷಗಳ ಲೆಕ್ಕವನ್ನು ಪದರಪದರವಾಗಿ ಕೂಡಿಟ್ಟಿರುವ ಸರೋವರವೊಂದು ಜಪಾನಿನಲ್ಲಿರುವುದೆಂದರೆ ವಾಚಕರಿಗೆ ಆಶ್ಚರ್ಯವಾಗದಿರದು. ಫುಕುಯಿ ಪ್ರಾಂತದಲ್ಲಿರುವ ಅದರ ಹೆಸರು ಸುಯಿಗೆತ್ಸು.

ಸುತ್ತಲೂ ಬೆಟ್ಟಗಳಿರುವುದರಿಂದ ಗಾಳಿಯು ಅದನ್ನು ಹೆಚ್ಚಾಗಿ ಕದಡದು. ದೊಡ್ಡ ನದಿ ಯಾವುದೂ ನೇರವಾಗಿ ಅದನ್ನು ಸೇರದು. ತಳದ ನೀರಿನಲ್ಲಿ ಪ್ರಾಣವಾಯುವಿಲ್ಲದ ಕಾರಣ ಕೆಸರನ್ನು ಕೆದಕುವ ಹುಳುಗಳೂ ಬದುಕವು. ಆದುದರಿಂದ ಋತುಋತುವಿಗೆ ತಳಸೇರಿದ ಸೂಕ್ಷ್ಮ ಪಾಚಿ, ಎಲೆ, ಮಣ್ಣು, ಪರಾಗಗಳು ಒಂದು ಬಿಳುಪು, ಒಂದು ಕಪ್ಪು ಎಂಬಂತೆ ತೆಳುಪದರಗಳಾಗಿ ನಿಂತಿರುವುವು. ಒಂದು ವರ್ಷದ ಪದರವು ಸರಾಸರಿ ಒಂದು ಮಿಲಿಮೀಟರಿಗಿಂತಲೂ ತೆಳು.

2006ರಲ್ಲಿ ವಿಜ್ಞಾನಿಗಳು ತಳವನ್ನು 70 ಮೀಟರಿಗೂ ಆಳವಾಗಿ ಕೊರೆದು ಈ ಕೆಸರನ್ನು ಮೇಲೆ ತೆಗೆದರು. ಚಳಿನಾಡಿನ ಮರಗಳ ಪರಾಗ ಹೆಚ್ಚಿರುವ ಪದರವು ಶೀತಕಾಲದ್ದು; ಬೆಚ್ಚನೆಯ ನಾಡಿನ ಮರಗಳದು ಹೆಚ್ಚಿದ್ದರೆ ಉಷ್ಣಕಾಲದ್ದು. ಪದರಗಳನ್ನೆಣಿಸಿದರೆ ಆ ಮಾರ್ಪಾಟು ಎಂದು ಸಂಭವಿಸಿತು, ಎಷ್ಟು ಬೇಗ ಸಂಭವಿಸಿತು ಎಂಬುದೂ ತಿಳಿಯುವುದು.

ಇಂದು ಮನುಷ್ಯನು ಉರಿಸುವ ಕಲ್ಲಿದ್ದಲು, ಎಣ್ಣೆ ಮೊದಲಾದವುಗಳಿಂದ ಭೂಮಿಯು ಬಿಸಿಯೇರುತ್ತಿರುವಾಗ ಈ ಹಳೆಯ ಲೆಕ್ಕವು ಕೇವಲ ಕುತೂಹಲದ ವಸ್ತುವಲ್ಲ; ಮುಂಬರುವುದನ್ನು ಅಳೆಯಲು ನಮಗಿರುವ ಅಳತೆಗೋಲು. ನಮ್ಮ ಕಾಲದ ಪದರವೂ ಅಲ್ಲಿ ಸದ್ದಿಲ್ಲದೆ ಇಳಿಯುತ್ತಲಿದೆ. ಅದನ್ನೋದುವವರು ನಮ್ಮ ಮಕ್ಕಳ ಮಕ್ಕಳು.