ಲೈಕ್ ಒತ್ತಿದ್ದು ಸಾಕು, ಪುಸ್ತಕ ಓದಿದ್ಯಾ?

ಎರಡು ವರ್ಷದ ಹಿಂದಿನ ಮಾತು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ತನ್ನ ಮೊದಲ ಕಥಾಸಂಕಲನವನ್ನು ಸ್ವಂತ ದುಡ್ಡು ಹಾಕಿ ಅಚ್ಚು ಮಾಡಿಸಿದ. ಮುಖಪುಟದ ಫೋಟೊ ಫೇಸ್‌ಬುಕ್ಕಿನಲ್ಲಿ ಬಂತು. ನಾನು ಆಫೀಸಿನ ಕ್ಯಾಬ್‌ನಲ್ಲಿದ್ದೆ. ಲೈಕ್ ಒತ್ತಿದೆ, ‘ಅದ್ಭುತ ಕಣೋ, ಎಲ್ರೂ ಓದಲೇಬೇಕು’ ಅಂತ ಕಾಮೆಂಟ್ ಹಾಕಿದೆ, ಶೇರ್ ಕೂಡ ಮಾಡಿದೆ. ಸಿಗ್ನಲ್ ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರು ತಿಂಗಳಾದ ಮೇಲೆ ಮಾಲೂರು ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ. ‘ಯಾವ ಕಥೆ ಇಷ್ಟ ಆಯ್ತೋ?’ ಅಂದ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನಾನು ಪುಸ್ತಕ ಕೊಂಡಿರಲೇ ಇಲ್ಲ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕ. ‘ಬಿಡೋ ಮಗಾ, ನೀನೊಬ್ನೇ ಅಲ್ಲ. 600 ಲೈಕ್ ಬಂತು, ಹೋಗಿದ್ದು 70 ಪುಸ್ತಕ. ಮಿಕ್ಕಿದ್ದೆಲ್ಲ ಮಂಚದ ಕೆಳಗಿದೆ.’

ಆ ನಗು ನನಗೆ ಬಹಳ ದಿನ ಚುಚ್ಚಿತು. ಅವತ್ತಿನಿಂದ ನಾನು ಪುಸ್ತಕಗಳನ್ನು ಹೇಗೆ ಹುಡುಕುತ್ತೇನೆ, ಹೇಗೆ ಆರಿಸುತ್ತೇನೆ ಅಂತ ಗಮನಿಸಲು ಶುರು ಮಾಡಿದೆ.

ಬರೆದವರೇ ಮಾರುವುದು ಹೊಸದಲ್ಲ

ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಮಾರುವುದು ಕನ್ನಡಕ್ಕೆ ಹೊಸತೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಅವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಓದುಗರಿಂದ ಮೊದಲೇ ಚಂದಾ ಪಡೆದು, ಆಮೇಲೆ ಪುಸ್ತಕ ಕಳಿಸುತ್ತಿದ್ದರು. ಈಗಿನವರು ‘ಪ್ರೀ ಆರ್ಡರ್’ ಅನ್ನುವುದು ಹೆಚ್ಚುಕಡಿಮೆ ಇದನ್ನೇ.

ಆಗ ಲೇಖಕ ಬಾಗಿಲಿಗೆ ಬರುತ್ತಿದ್ದ. ಪುಸ್ತಕವನ್ನು ಕೈಗೆ ತಗೊಂಡು, ನಾಲ್ಕು ಪುಟ ತಿರುವಿ ಬೇಕೋ ಬೇಡವೋ ಅನ್ನಬಹುದಿತ್ತು. ಈಗ ಲೇಖಕನ ಬದಲು ಅವನ ಪೋಸ್ಟು ಬರುತ್ತೆ. ಪುಟ ತಿರುವುವ ಅವಕಾಶ ಮಾತ್ರ ತಪ್ಪಿಹೋಗಿದೆ.

ನಮ್ಮ ಲಕ್ಕೂರನ್ನೇ ತಗೊಳ್ಳಿ. ಮಾಲೂರು ತಾಲ್ಲೂಕಿನ ಹೋಬಳಿ ಕೇಂದ್ರ. ಮಾಸ್ತಿಯವರು ಹುಟ್ಟಿದ ಹುಂಗೇನಹಳ್ಳಿ ಇದೇ ತಾಲ್ಲೂಕಿನದು. ಆದರೂ ನಮ್ಮೂರ ಅಂಗಡಿಯಲ್ಲಿ ನೋಟ್‌ಬುಕ್ಕು, ಎಸ್ಸೆಸ್ಸೆಲ್ಸಿ ಗೈಡು ಸಿಗುತ್ತವೆ, ಕಾದಂಬರಿ ಸಿಗುವುದಿಲ್ಲ. ಇನ್ನೊಂದು ನಾಚಿಕೆಯ ವಿಷಯ ಹೇಳ್ತೀನಿ. ಊರ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಕವಿ ಲಕ್ಕೂರು ಆನಂದ ಅವರಿಗೆ 2013ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂತು. ಆ ವಿಷಯ ನನಗೆ ತಿಳಿದದ್ದು ಊರಿನಲ್ಲಲ್ಲ, ಎಷ್ಟೋ ಕಾಲದ ಮೇಲೆ ಬೆಂಗಳೂರಿನ ಪಿಜಿ ರೂಮಿನಲ್ಲಿ ಫೇಸ್‌ಬುಕ್ ನೋಡುತ್ತಿದ್ದಾಗ. ಹಾಗಾಗಿ ಸೋಷಿಯಲ್ ಮೀಡಿಯಾವನ್ನು ಸುಮ್ಮನೆ ಬೈಯುವವರ ಗುಂಪಿನಲ್ಲಿ ನಾನಿಲ್ಲ. ಪುಸ್ತಕದಂಗಡಿ ಇಲ್ಲದ ಊರಿನವನಿಗೆ ಅದೇ ಅಂಗಡಿ.

ಸ್ವತಂತ್ರ ಲೇಖಕರಿಗೂ ಬೇರೆ ದಾರಿ ಕಡಿಮೆ. ಅಂಗಡಿಯಲ್ಲಿ ಇಟ್ಟರೆ ಬೆಲೆಯ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಮಿಷನ್ನಿಗೇ ಹೋಗುತ್ತೆ. ಅಂಚೆಯಲ್ಲಿ ಕಳಿಸೋಣ ಅಂದರೆ, ಕಡಿಮೆ ಖರ್ಚಿನಲ್ಲಿ ಪುಸ್ತಕ ತಲುಪಿಸುತ್ತಿದ್ದ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಇ-ಪುಸ್ತಕದಲ್ಲೂ ಕನ್ನಡಕ್ಕೆ ಹಿನ್ನಡೆಯೇ. 2016ರ ಕೊನೆಗೆ ಅಮೆಜಾನ್ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಆಮೇಲೆ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್ ಬಂತು, ಪ್ರತಿಲಿಪಿಯಲ್ಲಿ ಸಾವಿರಾರು ಜನ ಧಾರಾವಾಹಿ ಬರೆದರು, ಬುಕ್ ಬ್ರಹ್ಮದಂಥ ವೇದಿಕೆಗಳು ಹುಟ್ಟಿಕೊಂಡವು. ನನ್ನ ಹಾಗೇ ಸಾಫ್ಟ್‌ವೇರ್‌ನಲ್ಲಿದ್ದ ವಸುಧೇಂದ್ರ ಅವರು ಛಂದ ಪುಸ್ತಕ ಕಟ್ಟಿ ಹೊಸಬರ ಮೊದಲ ಕಥಾಸಂಕಲನಗಳನ್ನು ಹೊರತಂದರು. ಇವು ಯಾವುವೂ ಕೈಗೆ ಸಿಗದವರಿಗೆ ಉಳಿಯುವುದು ಮೊಬೈಲು, ಒಂದು ಫೋಟೊ, ಒಂದು ಯುಪಿಐ ನಂಬರು.

ಫೀಡಿಗೆ ಓದಲು ಬರುವುದಿಲ್ಲ

ದಿನವೂ ಕೋಡ್ ಬರೆಯುವವನಾಗಿ ಇದೊಂದು ಮಾತು ಹೇಳಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಮಗೆ ಏನು ತೋರಿಸಬೇಕು ಅಂತ ತೀರ್ಮಾನಿಸುವುದು ಪುಸ್ತಕ ಚೆನ್ನಾಗಿದೆಯಾ ಅಂತ ನೋಡಿ ಅಲ್ಲ. ನಾವು ಎಷ್ಟು ಹೊತ್ತು ನಿಂತು ನೋಡಿದೆವು, ಏನನ್ನು ಒತ್ತಿದೆವು, ಯಾರಿಗೆ ಕಳಿಸಿದೆವು ಅನ್ನುವುದೇ ಅದರ ಲೆಕ್ಕ. ಬಿಡುಗಡೆಯ ದಿನ ವೇದಿಕೆ ಮೇಲಿನ ಫೋಟೊಗೆ ನೂರು ಜನ ‘ಅಭಿನಂದನೆಗಳು ಸರ್’ ಅಂದರೆ ಆ ಪೋಸ್ಟು ಮೇಲೆ ಹೋಗುತ್ತೆ. ತಿಂಗಳಾದ ಮೇಲೆ ಯಾರೋ ಒಬ್ಬರು ನಿಜವಾಗಿ ಓದಿ ಬರೆದ ಹತ್ತು ಸಾಲು ಕೆಳಗೇ ಉಳಿಯುತ್ತೆ. ನನ್ನ ಗೆಳೆಯನ 600 ಲೈಕ್ ಬಂದದ್ದು ಅವನ ಮೇಲಿನ ಪ್ರೀತಿಗೆ, ಪುಸ್ತಕಕ್ಕಲ್ಲ. ಅದರಲ್ಲಿ ನನ್ನದೂ ಒಂದು.

ಇದರ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ಒಂದು ಸಲ ಚಂದದ ರೀಲ್ಸ್ ನೋಡಿ, ಹಿಂದಿನ ಸಂಗೀತಕ್ಕೆ ಮರುಳಾಗಿ, ರಾತ್ರಿ ಹನ್ನೊಂದಕ್ಕೆ ದುಡ್ಡು ಕಳಿಸಿ ಒಂದು ಕಾದಂಬರಿ ತರಿಸಿಕೊಂಡೆ. ಇಪ್ಪತ್ತನೇ ಪುಟದಲ್ಲಿ ನಾಯಕನ ಹೆಸರೇ ಬದಲಾಗಿತ್ತು! ಕರಡು ತಿದ್ದುವವರ ಕೈಗೆ ಅದು ಹೋಗಿಯೇ ಇರಲಿಲ್ಲ. ಆಮೇಲೆ ಆರು ತಿಂಗಳು ನಾನು ಯಾವ ಹೊಸಬರ ಪುಸ್ತಕವನ್ನೂ ಮುಟ್ಟಲಿಲ್ಲ. ಒಬ್ಬರು ಸುಳ್ಳೇ ಹೊಗಳಿದ್ದಕ್ಕೆ ಹತ್ತು ಜನ ಒಳ್ಳೆಯ ಬರಹಗಾರರು ಓದುಗನನ್ನು ಕಳೆದುಕೊಳ್ಳುವುದು ಹೀಗೆ.

ನಾನೀಗ ಆರಿಸುವ ಬಗೆ

ಮೊದಲನೆಯದು, ಒಳಪುಟ. ಲೇಖಕರು ಮುಖಪುಟ ಮಾತ್ರ ಹಾಕಿದ್ದರೆ ‘ಮೊದಲ ಎರಡು ಪುಟದ ಫೋಟೊ ಕಳಿಸ್ತೀರಾ?’ ಅಂತ ಮೆಸೇಜ್ ಮಾಡುತ್ತೇನೆ. ಕಳಿಸಲ್ಲ ಅಂದವರು ಇದುವರೆಗೆ ಸಿಕ್ಕಿಲ್ಲ. ಕೇಳಿದ್ದಕ್ಕೇ ಖುಷಿಪಟ್ಟವರಿದ್ದಾರೆ. ಅಮೀಶ್ ತ್ರಿಪಾಠಿ ಅವರ ಮೊದಲ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದಿದ್ದರು. 2010ರಲ್ಲಿ ಅದು ಹೊರಬಂದಾಗ ಅವರು ಮೊದಲ ಅಧ್ಯಾಯವನ್ನು ಬೇರೆಯಾಗಿ ಅಚ್ಚು ಹಾಕಿಸಿ ಅಂಗಡಿಗಳಲ್ಲಿ ಪುಕ್ಕಟೆ ಕೊಡಿಸಿದ್ದರು. ಸಂತೆಯಲ್ಲಿ ಮಾವಿನಹಣ್ಣಿನ ಒಂದು ಹೋಳು ಕೊಯ್ದು ಕೊಡುವ ಹಾಗೆ.

ಎರಡನೆಯದು, ಹೊಗಳಿದವರು ಏನು ಹೇಳಿದ್ದಾರೆ ಅನ್ನುವುದು. ‘ಮನಮುಟ್ಟುವ ಕೃತಿ’ ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ. ‘ಮೂರನೇ ಕಥೆಯ ಅತ್ತೆ ನಮ್ಮ ಅತ್ತೆ ಥರಾನೇ, ಆದ್ರೆ ಕೊನೇ ಕಥೆ ಯಾಕೋ ಎಳೆದಂಗಾಯ್ತು’ ಅಂದವರು ಓದಿದ್ದಾರೆ. ಒಂದು ತಕರಾರು ಇರುವ ಮೆಚ್ಚುಗೆಯನ್ನು ನಾನು ಹೆಚ್ಚು ನಂಬುತ್ತೇನೆ.

ಮೂರನೆಯದು, ಹೇಳಿದವರು ಯಾರು ಅನ್ನುವುದು. ನನಗೆ ಮೂವರಿದ್ದಾರೆ. ಒಬ್ಬರು ಪ್ರೈಮರಿ ಶಾಲೆ ಮೇಡಂ, ಒಬ್ಬ ಬ್ಯಾಂಕ್ ಉದ್ಯೋಗಿ, ಇನ್ನೊಬ್ಬರು ಯಾರೆಂದೇ ಗೊತ್ತಿಲ್ಲ, ಇನ್‌ಸ್ಟಾದಲ್ಲಿ ಪುಸ್ತಕದ ಪಕ್ಕ ಕಾಫಿ ಲೋಟ ಇಟ್ಟು ಫೋಟೊ ಹಾಕುತ್ತಾರೆ. ಈ ಮೂವರು ಮೆಚ್ಚಿದ ಹತ್ತು ಪುಸ್ತಕದಲ್ಲಿ ಏಳು ನನಗೂ ಹಿಡಿಸಿವೆ. ಲಕ್ಷ ಜನ ಫಾಲೋ ಮಾಡುವವರಿಗಿಂತ ನನಗೆ ಇವರೇ ದೊಡ್ಡವರು.

ನಮ್ಮದೇ ವೃತ್ತಿಯ ಆ್ಯಂಡಿ ವೀರ್ ಎಂಬ ಅಮೆರಿಕದ ಸಾಫ್ಟ್‌ವೇರ್ ಇಂಜಿನಿಯರ್ ‘ದಿ ಮಾರ್ಷಿಯನ್’ ಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕಿದ್ದರು. ಓದಿದವರೇ ಕೇಳಿಕೊಂಡ ಮೇಲೆ 2011ರಲ್ಲಿ 99 ಸೆಂಟ್ಸ್‌ಗೆ ಕಿಂಡಲ್‌ಗೆ ತಂದರು. 2014ರಲ್ಲಿ ದೊಡ್ಡ ಪ್ರಕಾಶಕರು ಅಚ್ಚು ಹಾಕಿದರು, ಮರುವರ್ಷ ಸಿನಿಮಾನೂ ಆಯಿತು. ಆ ಪುಸ್ತಕವನ್ನು ಮೊದಲು ಎತ್ತಿ ಹಿಡಿದದ್ದು ಅದನ್ನು ಓದಿದ್ದ ಜನ.

ಅಮ್ಮ ಮಾಡಿದ ರಿವ್ಯೂ

ಸ್ಟೇಷನ್ನಿನಲ್ಲಿ ಮುಖ ತಪ್ಪಿಸಿಕೊಂಡ ವಾರವೇ ಗೆಳೆಯನ ಪುಸ್ತಕ ಎರಡು ಕೊಂಡೆ. ಒಂದನ್ನು ಲಕ್ಕೂರಿಗೆ ತಂದು ಟಿವಿ ಮೇಲಿಟ್ಟೆ. ಆಗ ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರದಲ್ಲಿದ್ದವು. ಜ್ವರಕ್ಕೆ ಕೂತ ಹುಳ ಸೊಪ್ಪು ತಿನ್ನುವುದಿಲ್ಲ, ಹಾಗಾಗಿ ಸಾಕುವವರಿಗೂ ಒಂದು ದಿನ ಬಿಡುವು. ಆ ಬಿಡುವಿನಲ್ಲಿ ಅಮ್ಮ ಪುಸ್ತಕ ಎತ್ತಿಕೊಂಡಿದ್ದಾಳೆ.

ಎರಡು ದಿನಕ್ಕೆ ಫೋನು. ‘ಏನಪ್ಪಾ, ಈ ಹೆಂಚಿನ ಫ್ಯಾಕ್ಟ್ರಿ ಕಥೆ ಬರ್ದಿರೋ ಹುಡುಗ ನಮ್ ಕಡೆಯೋನಾ? ಆ ಅಜ್ಜಿ ಮಾತಾಡೋದು ನಮ್ಮವ್ವ ಮಾತಾಡ್ದಂಗೇ ಐತೆ ಕಣೋ.’ ಅಷ್ಟಕ್ಕೇ ಬಿಡಲಿಲ್ಲ. ಆ ಪುಟದ ಫೋಟೊ ತೆಗೆದು, ನಮ್ಮ ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದಳು. ಅದರಲ್ಲಿ ಹೊಗಳಿಕೆ ಕಡಿಮೆ, ಅಜ್ಜಿಯ ಕಥೆಯೇ ಜಾಸ್ತಿ. ‘ಕೊನೇಗೆ ಏನಾಯ್ತು ಅಂತ ನಾನ್ ಹೇಳಲ್ಲ’ ಅಂತ ನಿಲ್ಲಿಸಿದ್ದಳು.

ಕೋಲಾರದ ಚಿಕ್ಕಮ್ಮ ಒಂದು ತರಿಸಿಕೊಂಡರು, ಹೊಸೂರಿನ ಅತ್ತಿಗೆ ಎರಡು. ಹದಿನೈದು ದಿನದಲ್ಲಿ ಹನ್ನೊಂದು ಪುಸ್ತಕ ಹೋಯಿತು. ಗೆಳೆಯ ಫೋನ್ ಮಾಡಿ, ‘ಲೋ, ಇದ್ದಕ್ಕಿದ್ದಂಗೆ ಆರ್ಡರ್ ಬರ್ತಿದೆ, ಏನ್ ಮಾಡ್ದೆ?’ ಅಂದ. ‘ನಾನೇನೂ ಮಾಡ್ಲಿಲ್ಲ, ನಮ್ಮಮ್ಮ ಓದಿದ್ಲು’ ಅಂದೆ.

ಹನ್ನೊಂದು ಪುಸ್ತಕದಿಂದ ಯಾರ ಮಂಚದ ಕೆಳಗೂ ಖಾಲಿಯಾಗುವುದಿಲ್ಲ, ನಿಜ. ಆದರೆ ಅವನು ಎರಡನೇ ಪುಸ್ತಕ ಬರೆಯುತ್ತಿದ್ದಾನೆ. ಅಮ್ಮ ಓದಿ ಮುಗಿಸಿದ ಪ್ರತಿಯನ್ನು ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಟ್ಟು ಬಂದೆ.

ಈಗ ನನಗೆ ನಾನೇ ಹಾಕಿಕೊಂಡಿರುವ ನಿಯಮ ಒಂದೇ. ಓದದ ಪುಸ್ತಕಕ್ಕೆ ‘ಅದ್ಭುತ’ ಅನ್ನುವುದಿಲ್ಲ, ‘ತರಿಸಿಕೊಳ್ತೀನಿ’ ಅಂತ ಬರೆದು, ತರಿಸಿಕೊಳ್ಳುತ್ತೇನೆ. ಓದಿದ ಮೇಲೆ ಯಾವ ಪುಟ ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ನಾಲ್ಕು ಸಾಲು ಹಾಕುತ್ತೇನೆ. ಲೈಕ್ ಹೆಚ್ಚು ಬರುವುದಿಲ್ಲ. ಕಳೆದ ತಿಂಗಳು ಯಾರೋ ಪರಿಚಯವಿಲ್ಲದವರು ಅದರ ಕೆಳಗೆ ‘ಪುಸ್ತಕ ಎಲ್ಲಿ ಸಿಗುತ್ತೆ?’ ಅಂತ ಕೇಳಿದ್ದರು. ಲೇಖಕರ ನಂಬರು ಕಳಿಸಿದೆ.

ನಿಮ್ಮ ಮೊಬೈಲಿನಲ್ಲೂ ಇವತ್ತು ಯಾರದೋ ಮೊದಲ ಪುಸ್ತಕದ ಮುಖಪುಟ ಬಂದಿರಬಹುದು. ಒತ್ತುವ ಮೊದಲು ಒಳಪುಟ ಕೇಳಿ ನೋಡಿ.