ಅಂಗನವಾಡಿಗೆ ವಯಸ್ಸಾಗಿಲ್ಲ, ಮನೇಲಿ ನಿಲ್ಲಲ್ಲ: ಒಂದರಿಂದ ಮೂರು ವರ್ಷದ ಮಗು ಇರೋ ಮನೆಯವರು ತಿಳ್ಕೋಬೇಕಾದ್ದು

ಸಮೇತನಹಳ್ಳಿ (ಹೊಸಕೋಟೆ ತಾ.): ಮಗು ಹುಟ್ಟಿದ ಮೊದಲ ವರ್ಷ ಎಲ್ಲರೂ ವಿಚಾರಿಸ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬರ್ತಾರೆ, ತಾಯಿ ಕಾರ್ಡ್ ನೋಡ್ತಾರೆ, ಇಂಜೆಕ್ಷನ್ ಆಯ್ತಾ ಅಂತ ಕೇಳ್ತಾರೆ. ಮೂರು ವರ್ಷ ತುಂಬಿದರೆ ಅಂಗನವಾಡಿ ಇದೆ, ಬೆಳಿಗ್ಗೆ ಬಿಟ್ಟು ಬರಬಹುದು. ಮಧ್ಯದ ಎರಡು ವರ್ಷ? ಆ ವಯಸ್ಸಿನ ಮಕ್ಕಳಿಗೂ ಅಂಗನವಾಡಿಯಿಂದ ಸಿಗೋದು ಇದೆ, ಆದರೆ ಅದು ಮನೆಗೆ ಕೊಂಡೊಯ್ಯುವ ಪುಷ್ಟಿ ಪ್ಯಾಕೆಟ್. ಪ್ಯಾಕೆಟ್ ತಗೊಂಡು ಮಗುವನ್ನ ವಾಪಸ್ ಮನೆಗೇ ಕರ್ಕೊಂಡು ಬರಬೇಕು. ನಡೆಯೋಕೆ, ಓಡೋಕೆ, ಹತ್ತೋಕೆ, ಎಳೆಯೋಕೆ ಶುರು ಮಾಡೋದು ಸರಿಯಾಗಿ ಇದೇ ಎರಡು ವರ್ಷದಲ್ಲಿ.

ನಮ್ಮ ಕಡೆ ಇದು ಇನ್ನೂ ಜಾಸ್ತಿ ಕಾಡುತ್ತೆ. ಮೊದಲು ತೋಟ, ಹೊಲ ಅಂತ ಮನೆ ಸುತ್ತಲೇ ಇರ್ತಿದ್ದವರು ಈಗ ಕಾಡುಗೋಡಿ, ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗ್ತಾರೆ. ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ ಬಂದು ಬಾಡಿಗೆ ಮನೇಲಿರೋರಿಗೆ ಅಜ್ಜಿ ತಾತ ಊರಲ್ಲಿ. ಇನ್ನು ಅಂಗಡಿ ಇಟ್ಟುಕೊಂಡಿರೋರ ಮನೆ ಅಂದ್ರೆ ಮುಂದೆ ಶಟರ್, ಹಿಂದೆ ಅಡುಗೆಮನೆ, ಮಧ್ಯೆ ಒಂದು ಪರದೆ. ಮಗು ದಿನವಿಡೀ ಗಿರಾಕಿಗಳ ಕಾಲ ಸಂದಿಯಲ್ಲೇ ಬೆಳೆಯುತ್ತೆ.

ತರಲೆ ಅಲ್ಲ, ಅದರ ಕೆಲಸ

"ಸುಮ್ನೆ ಕೂರೋದೇ ಇಲ್ಲ ಕಣ್ರೀ, ಡಾಕ್ಟರ್ ಹತ್ರ ತೋರಿಸ್ಬೇಕಾ?" ಈ ಪ್ರಶ್ನೆ ತುಂಬ ಮನೆಯಲ್ಲಿ ಕೇಳ್ತೀವಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅಂತ ಒಂದು ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರಕಾರ ಒಂದು, ಎರಡು ವರ್ಷದ ಮಗು ದಿನಕ್ಕೆ ಕಡಿಮೆ ಅಂದ್ರೂ 180 ನಿಮಿಷ, ಅಂದ್ರೆ ಮೂರು ಗಂಟೆ, ಮೈ ಕೈ ಆಡಿಸ್ತಾ ಇರಬೇಕು. ಒಂದೇ ಕಡೆ ಕಟ್ಟಿ ಕೂರಿಸೋದು, ಅದು ಕುರ್ಚಿಯಾಗಲಿ, ಬೆನ್ನ ಮೇಲಿನ ಜೋಳಿಗೆಯಾಗಲಿ, ಒಂದು ಸಲಕ್ಕೆ ಒಂದು ಗಂಟೆ ಮೀರಬಾರದು. ಹಗಲು ನಿದ್ದೆ ಸೇರಿ 11ರಿಂದ 14 ಗಂಟೆ ಮಲಗಬೇಕು. ನಾವು ಯಾವುದನ್ನ ಕಾಟ ಅಂತೀವೋ ಅದೇ ಮಗುವಿನ ದಿನದ ಕೋಟಾ.

ಚಮಚ ಕೆಳಗೆ ಹಾಕುತ್ತೆ, ಎತ್ತಿಕೊಟ್ರೆ ಮತ್ತೆ ಹಾಕುತ್ತೆ. ಇಪ್ಪತ್ತು ಸಲ. ನಮಗೆ ತಲೆನೋವು, ಅದಕ್ಕೆ ಪರೀಕ್ಷೆ: ಬಿಟ್ಟರೆ ಪ್ರತೀ ಸಲ ಬೀಳುತ್ತಾ, ಸದ್ದು ಹಾಗೇ ಬರುತ್ತಾ, ಅಮ್ಮ ಪ್ರತೀ ಸಲ ಎತ್ತಿಕೊಡ್ತಾಳಾ? ಎಲ್ಲದಕ್ಕೂ "ಬೇಡ" ಅನ್ನೋದೂ ಹೀಗೇ. ನನಗೂ ಒಂದು ಇಷ್ಟ ಅಂತ ಇದೆ ಅನ್ನೋದು ಅದಕ್ಕೆ ಈಗಷ್ಟೇ ಗೊತ್ತಾಗಿರುತ್ತೆ. ಎರಡು ವರ್ಷದ ಮಗುವಿಗೆ "ಹೈಪರ್" ಅಂತ ಹೆಸರಿಡೋಕೆ ನೆಂಟರಿಗೆ ಎರಡು ನಿಮಿಷ ಸಾಕು. ಆದರೆ ಎಡಿಎಚ್‌ಡಿ ಅನ್ನೋದನ್ನ ವೈದ್ಯರೇ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಮುಂಚೆ ಹೇಳಲ್ಲ.

ಗಮನಿಸಬೇಕಾದ್ದು ಬೇರೆ ಇದೆ. ಒಂದೂವರೆ ವರ್ಷ ಆದ್ರೂ ಯಾರ ಆಸರೆ ಇಲ್ಲದೆ ನಡೀತಿಲ್ಲ, ಬೇಕಾದ್ದನ್ನ ಬೆರಳು ತೋರಿಸಿ ಕೇಳ್ತಿಲ್ಲ, ಎರಡು ವರ್ಷಕ್ಕೂ "ಅಮ್ಮ ಬಾ", "ನೀರು ಬೇಕು" ಅಂತ ಎರಡು ಪದ ಸೇರಿಸ್ತಿಲ್ಲ ಅಂದ್ರೆ ಆಗ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತೆ. ಅಂಗನವಾಡಿಗೆ ಸೇರಿಲ್ಲದ ಚಿಕ್ಕ ಮಗುವನ್ನೂ ಆ ದಿನ ಕರ್ಕೊಂಡು ಹೋಗಬಹುದು, ಯಾವ ದಿನ ಅಂತ ಟೀಚರನ್ನ ಕೇಳಿಟ್ಕೊಳ್ಳಿ. "ಮನೇಲಿ ತೆಲುಗು, ಹೊರಗೆ ಕನ್ನಡ, ಅದಕ್ಕೇ ಮಾತು ಬರ್ತಿಲ್ಲ" ಅನ್ನೋ ಮಾತು ನಮ್ಮ ತಾಲೂಕಲ್ಲಿ ಮಾಮೂಲು. ಎರಡು ಭಾಷೆ ಕೇಳಿದ್ರಿಂದ ಮಾತು ತಡ ಆಗಲ್ಲ. ಎರಡೂ ಭಾಷೆಯ ಪದ ಸೇರಿಸಿ ಲೆಕ್ಕ ಹಾಕಬೇಕು, ಅಷ್ಟೇ. ಅಜ್ಜಿ ತೆಲುಗಲ್ಲೇ ಮಾತಾಡ್ಲಿ ಬಿಡಿ.

ಫೋನ್ ಕೊಟ್ಟು ಕೂರಿಸೋದು

ಗಲ್ಲಾ ಪಕ್ಕ ಮಗು, ಮಗು ಕೈಲಿ ಫೋನು. ವ್ಯಾಪಾರದ ಹೊತ್ತಲ್ಲಿ ಬೇರೆ ದಾರಿ ಇರಲ್ಲ ಅನ್ನೋದು ಅರ್ಥ ಆಗುತ್ತೆ. ಭಾರತೀಯ ಮಕ್ಕಳ ತಜ್ಞರ ಸಂಘ ಮಾತ್ರ ಎರಡು ವರ್ಷದವರೆಗೆ ಸ್ಕ್ರೀನ್ ಬೇಡವೇ ಬೇಡ ಅನ್ನುತ್ತೆ. ದೂರದಲ್ಲಿರೋ ಅಪ್ಪನ ಜೊತೆ ವಿಡಿಯೋ ಕಾಲ್ ಮಾಡಿದ್ರೆ ತೊಂದರೆ ಇಲ್ಲ. ಎರಡರಿಂದ ಐದು ವರ್ಷಕ್ಕೆ ಹೆಚ್ಚು ಅಂದ್ರೆ ಒಂದು ಗಂಟೆ, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ.

ಕಾರಣ ಸರಳ. ಮಗು ಮಾತು ಕಲಿಯೋದು ತಾನು ಏನೋ ಅಂದಾಗ ಎದುರಿನವರು ತಿರುಗಿ ಮಾತಾಡೋದ್ರಿಂದ. ಫೋನು ಒಂದೇ ಸಮ ಮಾತಾಡುತ್ತೆ, ಮಗು ಹೇಳಿದ್ದಕ್ಕೆ ಉತ್ತರ ಕೊಡಲ್ಲ. ಇನ್ನೊಂದು, ಫೋನ್ ನೋಡ್ತಾ ತಿಂದ ಮಗುವಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ. ಈ ವಯಸ್ಸಲ್ಲಿ ಮೊದಲ ವರ್ಷದಷ್ಟು ಬೇಗ ತೂಕ ಏರಲ್ಲ, ಹಸಿವೂ ಕಮ್ಮಿ ಆಗುತ್ತೆ. ತಿಂತಿಲ್ಲ ಅಂತ ಹೆದರಿ ತುರುಕೋದು ಬೇಡ. ಏನು, ಯಾವಾಗ ಕೊಡಬೇಕು ಅನ್ನೋದು ನಮ್ಮ ಕೈಲಿ, ಎಷ್ಟು ಅನ್ನೋದು ಅದರ ಕೈಲಿ.

ಅಂಗಡಿಯಲ್ಲೇ ಫೋನಿಗೆ ಬದಲು ಕೊಡೋಕೆ ಬೇಕಾದಷ್ಟು ಸಾಮಾನಿದೆ. ಖಾಲಿ ರಟ್ಟಿನ ಡಬ್ಬ, ಸ್ಟೀಲ್ ಲೋಟ, ದೊಡ್ಡ ಪ್ಲಾಸ್ಟಿಕ್ ಮುಚ್ಚಳ. ನಮ್ಮ ಅಕ್ಕನ ಮಗನಿಗೆ ಅಂಗಡಿಯಿಂದ ದುಡ್ಡು ಕೊಟ್ಟು ತಂದ ಆಟಿಕೆಗಿಂತ ಸೋಪಿನ ರಟ್ಟಿನ ಡಬ್ಬವೇ ಇಷ್ಟ. ಒಳಗೆ ಕೂರ್ತಾನೆ, ಎದ್ದು ತಳ್ತಾನೆ, ಮತ್ತೆ ಕೂರ್ತಾನೆ. ಅರ್ಧ ಗಂಟೆ ಆರಾಮಾಗಿ ಕಳೆಯುತ್ತೆ.

ನೆಲಕ್ಕೆ ಕೂತು ನೋಡಿ

ಮನೆ, ಅಂಗಡಿ ಮಗುವಿಗೆ ಸುರಕ್ಷಿತವಾ ಅಂತ ತಿಳಿಯೋಕೆ ಒಂದೇ ಉಪಾಯ. ನೆಲದ ಮೇಲೆ ಕೂತು, ಮಗುವಿನ ಕಣ್ಣಿನ ಎತ್ತರಕ್ಕೆ ನೋಡಬೇಕು. ನಿಂತಾಗ ಕಾಣದ್ದು ಆಗ ಕಾಣುತ್ತೆ. ಅಂಗಡಿಯವರಿಗೆ ಇದು ಬಹಳ ಮುಖ್ಯ, ಯಾಕಂದ್ರೆ ನಾವು ಮಾರೋ ಸಾಮಾನಲ್ಲೇ ಅಪಾಯ ಇದೆ.

ಮೊದಲನೇದು ಕಡಲೇಕಾಯಿ. ಕಡಲೇಬೀಜ, ಹುರಿಗಡಲೆ, ಬಟಾಣಿ ಇವನ್ನ ನಾಲ್ಕು ವರ್ಷದೊಳಗಿನ ಮಗುವಿಗೆ ಇಡಿಯಾಗಿ ಕೊಡಲೇಬಾರದು. ಅಗಿಯೋ ಹಿಂದಿನ ಹಲ್ಲು ಆ ವಯಸ್ಸಲ್ಲಿ ಇನ್ನೂ ಪೂರ್ತಿ ಬಂದಿರಲ್ಲ, ಬಂದಿದ್ರೂ ಸರಿಯಾಗಿ ಅಗಿಯೋ ಅಭ್ಯಾಸ ಇರಲ್ಲ. ನಗ್ತಾ, ಓಡ್ತಾ ತಿಂದಾಗ ಕಾಳು ಶ್ವಾಸನಾಳಕ್ಕೆ ಇಳಿಯುತ್ತೆ. ಪುಡಿ ಮಾಡಿ ಕೊಡಿ, ಚಟ್ನಿಪುಡಿಯಾಗಿ ಅನ್ನಕ್ಕೆ ಕಲಸಿ ಕೊಡಿ, ಬೇಡ ಅನ್ನೋರು ಯಾರು. ನಮ್ಮ ಜಿಲ್ಲೆಯ ನೀಲಿ ದ್ರಾಕ್ಷಿಯೂ ಹಾಗೇ: ದುಂಡಗೆ, ಜಾರುತ್ತೆ, ಒಳಗೆ ಬೀಜ. ಉದ್ದುದ್ದ ಸೀಳಿ ಬೀಜ ತೆಗೆದು ಕೊಡಬೇಕು. ಗಿರಾಕಿಗಳು ಪ್ರೀತಿಯಿಂದ ಮಗು ಕೈಗೆ ಎರಡು ಕಡಲೇಬೀಜ ಹಾಕ್ತಾರಲ್ಲ, ಅದನ್ನ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ ಅಂತ ತಡೀಬೇಕು.

ಎರಡನೇದು ಬಟನ್ ಸೆಲ್. ರಿಮೋಟು, ಆಟದ ಗಡಿಯಾರ, ಲೈಟ್ ಬರೋ ಆಟಿಕೆ, ಸಣ್ಣ ತೂಕದ ಯಂತ್ರ ಎಲ್ಲದರಲ್ಲೂ ಇರುತ್ತೆ. ನಾಣ್ಯ ನುಂಗಿದ ಹಾಗೆ ಇದು ಅಂದ್ಕೋಬಾರದು. ಅನ್ನನಾಳದಲ್ಲಿ ಸಿಕ್ಕಿಹಾಕ್ಕೊಂಡ್ರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡುತ್ತೆ. ಬಾಳೆಹಣ್ಣು ತಿನ್ನಿಸಿ ಬೆಳಿಗ್ಗೆವರೆಗೆ ಕಾಯೋದು, ವಾಂತಿ ಮಾಡಿಸೋದು ಎರಡೂ ತಪ್ಪು. ನುಂಗಿದೆ ಅನ್ನೋ ಅನುಮಾನ ಬಂದ ಕೂಡಲೇ ಎಕ್ಸ್‌ರೇ ಇರೋ ಆಸ್ಪತ್ರೆಗೆ ಹೋಗಬೇಕು.

ಮೂರನೇದು ಇಲಿ ಪೇಸ್ಟ್. ಟೂತ್‌ಪೇಸ್ಟ್ ಥರ ಟ್ಯೂಬಲ್ಲಿ ಬರುತ್ತೆ, ಬ್ರೆಡ್ಡಿಗೆ, ಬೋಂಡಕ್ಕೆ ಸವರಿ ಮೂಲೆಯಲ್ಲಿ ಇಡ್ತಾರೆ. ಮೂಲೆ ಅಂದ್ರೆ ಮಗುವಿನ ಜಾಗ. ಹಳದಿ ರಂಜಕ ಇರೋ ಪೇಸ್ಟ್ ತಿಂದ ಮಗು ಮೊದಲ ದಿನ ಚೆನ್ನಾಗೇ ಕಾಣಬಹುದು, ಲಿವರ್ ಕೆಡೋದು ಆಮೇಲೆ. ಆಟ ಆಡ್ತಿದೆಯಲ್ಲ ಅಂತ ಮನೆಯಲ್ಲೇ ಉಳಿಯಬಾರದು. ಮಾರೋರಿಗೂ ಒಂದು ಮಾತು: ಬಿಸ್ಕೆಟ್, ಚಾಕೊಲೇಟ್ ಇಡೋ ಸಾಲಲ್ಲಿ ಇದನ್ನ ಇಡಬೇಡಿ. ಹಾಗೇ ಸೀಮೆಎಣ್ಣೆ, ಥಿನ್ನರ್, ಟಾಯ್ಲೆಟ್ ಆಸಿಡ್ಡನ್ನ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿಡೋ ಅಭ್ಯಾಸ ಬಿಡಬೇಕು. ಓದೋಕೆ ಬರದ ಮಗುವಿಗೆ ಬಾಟಲಿಯ ಆಕಾರವೇ ಲೇಬಲ್ಲು. ಇವನ್ನ ಕುಡಿದಾಗಲೂ ವಾಂತಿ ಮಾಡಿಸಬಾರದು, ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋದ್ರೆ ಕಷ್ಟ ದೊಡ್ಡದಾಗುತ್ತೆ.

ಬೋಂಡದ ಬಾಣಲೆ, ಟೀ ಸ್ಟವ್ ಪಕ್ಕ ಮಗು ಬಾರದ ಹಾಗೆ ಒಂದು ಅಡ್ಡ ಹಲಗೆ ಹಾಕಿಸಿದ್ರೆ ಎಷ್ಟೋ ನೆಮ್ಮದಿ. ನೂರು ಸಲ "ಹೋಗ್ಬೇಡ" ಅನ್ನೋದಕ್ಕಿಂತ ಹಲಗೆ ಅಗ್ಗ.

ನೀರಿಗೆ ಆಳ ಬೇಕಾಗಿಲ್ಲ

ಈ ವಯಸ್ಸಿನ ಮಗುವಿಗೆ ಮೈಗೆ ಹೋಲಿಸಿದ್ರೆ ತಲೆ ಭಾರ. ಬಗ್ಗಿ ಬಕೆಟ್ ಒಳಗೆ ನೋಡ್ತಾ ಮುಗ್ಗರಿಸಿದ್ರೆ ವಾಪಸ್ ಎದ್ದು ಬರೋಕೆ ಆಗಲ್ಲ, ಕೂಗೋಕೂ ಆಗಲ್ಲ. ಅಂಗೈ ಆಳದ ನೀರೂ ಸಾಕು. ನೀರು ಬಿಡೋ ದಿನ ಸಿಕ್ಕಿದ ಪಾತ್ರೆಗೆಲ್ಲ ತುಂಬಿಡೋದು ನಮ್ಮ ಅಭ್ಯಾಸ, ತುಂಬಿದ್ದಕ್ಕೆ ಮುಚ್ಚಳ ಹಾಕೋದು ಅಭ್ಯಾಸ ಆಗಿಲ್ಲ. ಬಾಡಿಗೆ ಮನೆಗಳಲ್ಲಿ ಸಂಪಿನ ಮುಚ್ಚಳ ಬಾಗಿಲ ಎದುರೇ ಇರುತ್ತೆ, ಟ್ಯಾಂಕರ್ ಬಂದಾಗ ತೆಗೆದವರು ಹಾಗೇ ಬಿಟ್ಟು ಹೋಗ್ತಾರೆ. ಹತ್ತು ಮನೆ ವಠಾರ ಆದ್ರೆ ಅದು ಯಾರ ಜವಾಬ್ದಾರಿ ಅಂತ ಕೇಳಿ, ಒಬ್ಬರಿಗೆ ವಹಿಸಿ, ಬೀಗ ಹಾಕಿಸಿ. ಹೊಲದಲ್ಲಿ ಕೃಷಿ ಹೊಂಡ ಇದ್ರೆ ಸುತ್ತ ಬೇಲಿ ಬೇಕೇ ಬೇಕು. ಪ್ಲಾಸ್ಟಿಕ್ ಹಾಸಿನ ಮೇಲೆ ಈಜು ಬರೋ ದೊಡ್ಡವರೇ ಹತ್ತಿ ಬರೋಕೆ ಒದ್ದಾಡ್ತಾರೆ.

ಬೋರ್‌ವೆಲ್ ವಿಷಯ ಎಲ್ಲರಿಗೂ ನೆನಪಿರಬಹುದು. ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್ 3ರ ಸಂಜೆ ಆಟ ಆಡ್ತಿದ್ದ ಪುಟ್ಟ ಮಗು ಮನೆ ಹತ್ತಿರದ ಬೋರ್‌ವೆಲ್ ಗುಂಡಿಗೆ ಬಿತ್ತು. ಸುಮಾರು 20 ಗಂಟೆ ಕಾರ್ಯಾಚರಣೆ ಆದ ಮೇಲೆ ಮಾರನೇ ದಿನ ಜೀವಂತವಾಗಿ ಹೊರಗೆ ಬಂತು. ಎಲ್ಲರಿಗೂ ಆ ಅದೃಷ್ಟ ಇರಲ್ಲ. ನೀರು ಬಾರದ ಬೋರ್ ನಮ್ಮ ತಾಲೂಕಲ್ಲಿ ಕಮ್ಮಿ ಇಲ್ಲ, ತೆರೆದದ್ದು ಕಂಡ್ರೆ ಪಂಚಾಯ್ತಿಗೆ ಹೇಳಿ ಮುಚ್ಚಿಸಿ.

ಅಜ್ಜಿಯರ ಗೆಜ್ಜೆ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತೆ. ಮಗು ಎಲ್ಲಿದೆ ಅಂತ ಕಿವಿಗೇ ಗೊತ್ತಾಗುತ್ತೆ, ಸದ್ದು ನಿಂತ್ರೆ ಎದ್ದು ನೋಡಬೇಕು. ಗೆಜ್ಜೆಯ ಮಣಿ ಸಡಿಲ ಆಗಿದ್ಯಾ ಅಂತ ವಾರಕ್ಕೊಮ್ಮೆ ನೋಡ್ಕೊಳ್ಳಿ, ಬಿದ್ರೆ ಅದೂ ಬಾಯಿಗೇ ಹೋಗೋದು.

ಸ್ಕೂಟರ್ ಮುಂದೆ ನಿಲ್ಲಿಸೋದು

ಕೇಂದ್ರ ಮೋಟಾರು ವಾಹನ ನಿಯಮಕ್ಕೆ 2022ರಲ್ಲಿ ಮಾಡಿದ ತಿದ್ದುಪಡಿ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನ ದ್ವಿಚಕ್ರ ವಾಹನದಲ್ಲಿ ಕೂರಿಸಿದ್ರೆ ಮಗುವಿಗೆ ಹೆಲ್ಮೆಟ್ ಇರಬೇಕು, ಓಡಿಸೋರ ಮೈಗೆ ಸೇರಿಸಿ ಕಟ್ಟೋ ಬೆಲ್ಟ್ ಇರಬೇಕು, ವೇಗ 40 ಕಿ.ಮೀ. ದಾಟಬಾರದು. ಮುಂದೆ ನಿಲ್ಲಿಸಿದ ಮಗು ಆಕ್ಸಿಲರೇಟರ್ ತಿರುಗಿಸೋಕೆ ಒಂದು ಕ್ಷಣ ಸಾಕು. ಅಂಗಡಿ ಮುಂದೆ ಕೀ ಬಿಟ್ಟು ಗಾಡಿ ನಿಲ್ಲಿಸೋರೂ ಇದನ್ನ ಓದ್ಕೊಳ್ಳಿ.

ನೋಡ್ಕೊಳ್ಳೋಕೆ ಜಾಗ ಕೇಳೋದು

ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗಳಲ್ಲಿ "ಕೂಸಿನ ಮನೆ" ಅಂತ ಶಿಶುಪಾಲನಾ ಕೇಂದ್ರ ಮಾಡ್ತೀವಿ ಅಂತ ಹೇಳಿತು. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೇ ಅಂತ ಶುರುವಾದ ಯೋಜನೆ ಇದು. ಅಂದ್ರೆ ನಾವು ಮಾತಾಡ್ತಿರೋ ಅದೇ ವಯಸ್ಸು. ನಿಮ್ಮ ಪಂಚಾಯ್ತಿಯಲ್ಲಿ ಇದೆಯಾ, ಎಷ್ಟು ಗಂಟೆಗೆ ತೆಗೀತಾರೆ, ಯಾರ ಮಕ್ಕಳನ್ನ ತಗೋತಾರೆ ಅಂತ ಪಿಡಿಒ ಹತ್ರ ವಿಚಾರಿಸಿ. ಇಲ್ಲ ಅಂದ್ರೆ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೇಳಿ. ಚರಂಡಿ, ಬೀದಿದೀಪಕ್ಕೆ ಕೇಳೋ ಹಾಗೆ ಇದನ್ನೂ ಕೇಳಬಹುದು ಅನ್ನೋದು ಎಷ್ಟೋ ಹೆಣ್ಣುಮಕ್ಕಳಿಗೆ ತೋಚಿರಲ್ಲ.

ಕಂಪನಿ ಕೆಲಸಕ್ಕೆ ಹೋಗೋರಿಗೆ ಅಂತ 2017ರಲ್ಲಿ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಬಂತು. 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಕೊಂಡು ಬರಬಹುದು ಅಂತ ಆಗಲೇ ಕಾನೂನಾಯ್ತು. ಕೆಲಸಕ್ಕೆ ಸೇರೋವಾಗಲೇ ಕೇಳಿ.

ಇನ್ನು ತುರ್ತು ವಿಷಯ. ಗಂಟಲಲ್ಲಿ ಏನಾದ್ರೂ ಸಿಕ್ಕಿದಾಗ ಮಗು ಜೋರಾಗಿ ಕೆಮ್ಮುತ್ತಿದ್ರೆ, ಅಳ್ತಿದ್ರೆ ಕೆಮ್ಮೋಕೆ ಬಿಡಿ. ಸದ್ದೇ ಬರ್ತಿಲ್ಲ, ಮುಖ ನೀಲಿ ಆಗ್ತಿದೆ ಅಂದ್ರೆ ತಲೆ ಕೆಳಗಿರೋ ಹಾಗೆ ತೊಡೆ ಮೇಲೆ ಬೋರಲು ಹಾಕಿ, ಎರಡು ಹೆಗಲ ಮೂಳೆ ಮಧ್ಯೆ ಅಂಗೈ ಬುಡದಿಂದ ಐದು ಸಲ ಗಟ್ಟಿಯಾಗಿ ಹೊಡೀಬೇಕು. ಬರಲಿಲ್ಲ ಅಂದ್ರೆ, ಒಂದು ವರ್ಷ ದಾಟಿದ ಮಗುವಾದ್ರೆ, ಹಿಂದಿನಿಂದ ತಬ್ಬಿ ಹೊಕ್ಕಳ ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿ ಇಟ್ಟು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಬೇಕು. ಮತ್ತೆ ಬೆನ್ನಿಗೆ ಐದು, ಮತ್ತೆ ಹೊಟ್ಟೆಗೆ ಐದು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಸಿಕ್ಕಿದ್ದು ಇನ್ನೂ ಒಳಗೆ ಹೋಗುತ್ತೆ. ಇದನ್ನ ಮನೆಯ ಎಲ್ಲರೂ, ಮಗುವನ್ನ ನೋಡ್ಕೊಳ್ಳೋ ಅಜ್ಜಿಯೂ, ಅಂಗಡಿ ಹುಡುಗನೂ ಒಂದು ಸಲ ದಿಂಬಿನ ಮೇಲೆ ಮಾಡಿ ನೋಡಿರಲಿ.

ಹಾಂ, ತಾಯಿ ಕಾರ್ಡ್ ಎಲ್ಲಿಟ್ಟಿದ್ದೀರಿ ಹುಡುಕಿ. 16ರಿಂದ 24 ತಿಂಗಳ ಒಳಗೆ ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೋ ಬೂಸ್ಟರ್ ಹನಿ ಇರುತ್ತೆ. ಮಗು ಓಡಾಡೋಕೆ ಶುರು ಮಾಡಿದ ಮೇಲೆ ಮನೆಯವರು ಮರೆಯೋದು ಇದನ್ನೇ. ನಿಮ್ಮೂರಿನ ಲಸಿಕೆ ದಿನ ಯಾವುದು ಅಂತ ಆಶಾ ಕಾರ್ಯಕರ್ತೆ ಹೇಳ್ತಾರೆ.