ಕಡ ತಂದ ನಿದ್ರೆ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಂತಹ ಊರುಗಳಲ್ಲಿ ವಯಸ್ಸಾದವರು 'ರಾತ್ರಿಯೆಲ್ಲ ಕಾಲು ಸೆಳೆತ' ಎಂದರೆ ಮನೆಯವರು ಅದನ್ನು ದಣಿವು, ವಾಯು ಅಥವಾ ವಯೋಧರ್ಮದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಬಹಳಷ್ಟು ಸಲ ಅದು ಸರಿಯೂ ಹೌದು. ಆದರೆ ನೋವಿಗಿಂತ ಚಡಪಡಿಕೆಯೇ ಹೆಚ್ಚಾಗಿದ್ದು, ಸಂಜೆಯ ಮೇಲೆ ಆರಂಭವಾಗಿ, ಮಲಗಿದರೆ ಉಲ್ಬಣಿಸಿ, ಎದ್ದು ನಡೆದಾಡಿದರೆ ತಗ್ಗುವಂತಿದ್ದರೆ ಅದು ಬೇರೆಯದೇ ವ್ಯಾಧಿ. ವೈದ್ಯರ ಭಾಷೆಯಲ್ಲಿ ಅದಕ್ಕೆ 'ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್' ಎಂದು ಹೆಸರು. 1945ರಲ್ಲಿ ಸ್ವೀಡನ್ನಿನ ಎಕ್‌ಬೋಮ್ ಇದನ್ನು ವಿಶದವಾಗಿ ವರ್ಣಿಸಿದರು. 2007ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯೊಂದು ನಗರವಾಸಿಗಳಲ್ಲಿ ಶೇ 2.1ರಷ್ಟು ಮಂದಿಯಲ್ಲಿ ಇದನ್ನು ಗುರುತಿಸಿತು.

ಮಿದುಳಿನ ಡೋಪಮೈನ್ ವ್ಯವಸ್ಥೆಯಲ್ಲಿನ ಏರುಪೇರಿಗೂ ಈ ಚಡಪಡಿಕೆಗೂ ನಂಟಿದೆ. ಹೀಗಾಗಿ ಪಾರ್ಕಿನ್‌ಸನ್ ಕಾಯಿಲೆಗೆ ಬಳಸುವ ರೋಪಿನಿರೋಲ್, ಪ್ರಾಮಿಪೆಕ್ಸೋಲ್ ಮಾತ್ರೆಗಳು ಇಲ್ಲಿಗೂ ಬಂದವು. 2005 ಮತ್ತು 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇವುಗಳಿಗೆ ಒಪ್ಪಿಗೆ ನೀಡಿತು. ಸಣ್ಣ ಪ್ರಮಾಣದ ಗುಳಿಗೆ, ಮೊದಲ ವಾರದಲ್ಲೇ ಗುಣ. ನಿದ್ರೆಯಲ್ಲಿ ಕಾಲು ಪದೇ ಪದೇ ಅದುರುವುದಂತೂ ಗಮನಾರ್ಹವಾಗಿ ಇಳಿಯುತ್ತದೆ. ಆದರೆ ಕಾಲು ಸುಮ್ಮನಾದಷ್ಟು ನಿದ್ರೆ ಗಾಢವಾಗುವುದಿಲ್ಲ ಎಂಬುದು ಆಮೇಲೆ ತಿಳಿದುಬಂತು.

ನಿಜವಾದ ತೊಡಕು ಇನ್ನೂ ಮುಂದಿದೆ. ಮಾದಿಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನವರಿಗೆ ನಗರದ ವೈದ್ಯರೊಬ್ಬರು ಇಂತಹ ಮಾತ್ರೆ ಬರೆದುಕೊಟ್ಟರು. ಒಂದು ವರ್ಷ ಸುಖನಿದ್ರೆ. ಅನಂತರ ರಾತ್ರಿ ಹತ್ತಕ್ಕೆ ಬರುತ್ತಿದ್ದ ಚಡಪಡಿಕೆ ಸಂಜೆ ಐದಕ್ಕೆ, ಮತ್ತೆ ಮಧ್ಯಾಹ್ನಕ್ಕೆ ಬಂದಿತು. ಕಾಲಿನಲ್ಲಿದ್ದದ್ದು ತೋಳಿಗೂ ಹಬ್ಬಿತು. ಪ್ರತಿ ಸಲವೂ ಮಾತ್ರೆಯ ಪ್ರಮಾಣ ಏರಿತು. ಔಷಧವೇ ರೋಗವನ್ನು ಬೆಳೆಸುವ ಈ ವಿಪರ್ಯಾಸಕ್ಕೆ 'ಆಗ್ಮೆಂಟೇಶನ್' ಎಂಬ ಹೆಸರು 1996ರಿಂದಲೇ ಇದೆ. ಅರ್ಥಶಾಸ್ತ್ರ ಓದಿದವರಿಗೆ ಇಳಿಮುಖ ಪ್ರತಿಫಲ ನಿಯಮ ನೆನಪಾದೀತು. ಇದು ಅದಕ್ಕಿಂತ ಕೆಟ್ಟದ್ದು, ಬಡ್ಡಿ ತೀರಿಸಲು ಮತ್ತೆ ಸಾಲ ಮಾಡಿದಂತೆ. ಕೆಲವರಲ್ಲಿ ಜೂಜು, ಅತಿಯಾದ ಖರೀದಿಯಂತಹ ತಡೆಯಲಾಗದ ಚಟಗಳೂ ಈ ಮಾತ್ರೆಗಳಿಂದ ಕಾಣಿಸಿಕೊಳ್ಳುತ್ತವೆ.

ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2025ರ ಮಾರ್ಗಸೂಚಿಯಲ್ಲಿ ಈ ಔಷಧಗಳ ವಾಡಿಕೆಯ ಬಳಕೆ ಬೇಡವೆಂದು ಸೂಚಿಸಿದೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಈಗ ಮುಂದಿನ ಸಾಲಿಗೆ ಬಂದಿವೆ. ಅವುಗಳಿಗೂ ಮೊದಲು ನೋಡಬೇಕಾದದ್ದು ದೇಹದ ಕಬ್ಬಿಣದ ದಾಸ್ತಾನು. ಡೋಪಮೈನ್ ತಯಾರಿಕೆಗೆ ಕಬ್ಬಿಣಾಂಶ ಬೇಕು. ವಯಸ್ಕರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡಬೇಕೆಂಬುದು ಅದೇ ಮಾರ್ಗಸೂಚಿಯ ಸಲಹೆ. ಪರೀಕ್ಷೆಯಿಲ್ಲದೆ ತಾವೇ ಕಬ್ಬಿಣದ ಮಾತ್ರೆ ನುಂಗುವುದೂ ತರವಲ್ಲ; ಮಿತಿ ಮೀರಿದರೆ ಅದೂ ಅಪಾಯ. ಡೋಪಮೈನ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಚಡಪಡಿಕೆ ಹಲವು ಪಟ್ಟು ಮರುಕಳಿಸುವುದರಿಂದ ತಜ್ಞರ ಉಸ್ತುವಾರಿಯಲ್ಲೇ ನಿಧಾನವಾಗಿ ಇಳಿಸಬೇಕು. ಔಷಧದಂಗಡಿಯಲ್ಲಿ ನೆಗಡಿಗೆಂದು ಕೊಡುವ, ನಿದ್ದೆ ಬರಿಸುವ ಕೆಲವು ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಸಹ ಈ ತೊಂದರೆಯನ್ನು ಕೆರಳಿಸಬಲ್ಲವು.

ಚಿಕ್ಕಮ್ಮನವರ ಫೆರಿಟಿನ್ ಪರೀಕ್ಷೆ ನಡೆದದ್ದು ಚಿಕಿತ್ಸೆ ಆರಂಭವಾದ ನಾಲ್ಕನೆಯ ವರ್ಷದಲ್ಲಿ. ಅದು ತೀರ ಕಡಿಮೆಯಿತ್ತು. ಹಿಮೊಗ್ಲೋಬಿನ್ ಮಾತ್ರ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ದಾಸ್ತಾನು ಬರಿದಾಗುವುದು ಮೊದಲು, ರಕ್ತ ತೆಳುವಾಗುವುದು ಅನಂತರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನರು. 2018ರಲ್ಲಿ ಆರಂಭವಾದ 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮ ಅಳೆಯುವುದೂ ಹಿಮೊಗ್ಲೋಬಿನ್ನನ್ನೇ. ಅದರ ಫಲಾನುಭವಿಗಳ ಪಟ್ಟಿ ಮಕ್ಕಳಿಂದ ಆರಂಭವಾಗಿ ಹೆರಿಗೆಯ ವಯಸ್ಸಿನೊಂದಿಗೆ ಮುಗಿಯುತ್ತದೆ. ಐವತ್ತು ದಾಟಿ, ರಾತ್ರಿ ಎರಡು ಗಂಟೆಗೆ ಪಡಸಾಲೆಯಲ್ಲಿ ನಡೆದಾಡುವ ಹೆಂಗಸರಿಗೆ ಅದರಲ್ಲಿ ಕಾಲಂ ಇಲ್ಲ.